ಮೊಮ್ಮಗಳಿಗೊಂದು ಕುದುರೆ

"ಕುದುರೆ ಯಾರಿಗಮ್ಮಾ?" ಗೇಟಿನ ಅಗುಳಿಯನ್ನೂ ತೆಗೆಯದೆ ಕೇಳಿದ ಮುದುಕ ಫೆಸ್ಟಿ.

"ಮೊಮ್ಮಗಳಿಗೆ," ಎಂದುಬಿಟ್ಟಳು ಡಿಂಪ್ನಾ. ಹಿಂದಿನ ಸೀಟಿನಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ಗಾಲ್ವೇ ಪೇಟೆಯಿಂದ ಕಾರು ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಇದೊಂದೇ ಮಾತನ್ನು ಬಾಯಿಪಾಠ ಮಾಡಿದ್ದಳು. ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುವ ವಯಸ್ಸಿನವಳು ತನಗೇ ಕುದುರೆ ಬೇಕೆಂದರೆ ಈ ಕನ್ನೆಮಾರ ಸೀಮೆಯ ಕಲ್ಲುಗೋಡೆಗಳೂ ನಕ್ಕಾವು. ಚಿಕ್ಕವಳಿದ್ದಾಗ ಒಮ್ಮೆ ಅಪ್ಪನನ್ನು ಕೇಳಿದ್ದಳು. ಅಪ್ಪ "ನೋಡೋಣ" ಎಂದಿದ್ದ. ನೋಡೋಣ ನೋಡೋಣ ಎನ್ನುತ್ತಲೇ ಅಪ್ಪ ಹೋದ, ಮದುವೆಯಾಯಿತು, ಮೀನಂಗಡಿ ಬಂತು, ಮಕ್ಕಳಾದವು, ಮಂಡಿ ಸವೆಯಿತು. ಆಸೆಯೊಂದು ಮಾತ್ರ ಸವೆಯಲಿಲ್ಲ, ಹಾಳಾದ್ದು.

ಫೆಸ್ಟಿ ವರ್ಷಕ್ಕೆ ಒಂದೋ ಎರಡೋ ಮರಿ ಹಾಕಿಸಿ ಬೆಳೆಸುವವನು. ಅವನು ಮಾರಿದ ಕುದುರೆಗಳಿಗಿಂತ ವಾಪಸು ಕಳಿಸಿದ ಗಿರಾಕಿಗಳೇ ಹೆಚ್ಚು. ಮಗಳನ್ನು ಕೊಡುವ ಮನೆಯನ್ನು ವಿಚಾರಿಸುವಂತೆ ಒಂದೊಂದನ್ನೇ ಕೇಳತೊಡಗಿದ. ಹುಲ್ಲುಗಾವಲು ಎಷ್ಟಿದೆ, ಮಳೆಗಾಳಿಗೆ ಮರೆ ಇದೆಯೇ, ಗೊರಸು ನೋಡಲು ಯಾರು ಬರುತ್ತಾರೆ.

"ಒಂಟಿಯಾಗಿ ಬಿಡ್ತೀರೋ? ಒಂಟಿ ಕುದುರೆ ಕೊರಗಿ ಕೊರಗಿ ಹಾಳಾಗತ್ತೆ."

"ಜೊತೆಗೆ ಒಂದು ಕತ್ತೆ ಇದೆ."

"ಸ್ವಭಾವ ಹೇಗೆ?"

"ತೀರಿಕೊಂಡ ನಮ್ಮೆಜಮಾನ್ರಿಗಿಂತ ಎಷ್ಟೋ ವಾಸಿ."

ಫೆಸ್ಟಿ ನಗು ತಡೆದುಕೊಂಡು ಅಗುಳಿ ತೆಗೆದ. ಕೊಟ್ಟಿಗೆಯಿಂದ ನೋನಿಯನ್ನು ಹಿಡಿದು ತಂದ. ಬೂದು ಬಣ್ಣದ, ಗಿಡ್ಡನೆಯ, ಗಟ್ಟಿಮುಟ್ಟಾದ ಹೆಣ್ಣು ಕುದುರೆ. ಅದರ ನಾಲ್ಕೂ ಕಾಲುಗಳನ್ನು ಎತ್ತಿ ತೋರಿಸಿದ, ಕಿವಿಯೊಳಗೆ ಬೆರಳಾಡಿಸಿದ, ಮೂಗಿನ ಮುಂದೆಯೇ ಫಟ್ಟನೆ ಕೊಡೆ ಬಿಚ್ಚಿದ, ತಗಡಿನ ಬಕೆಟ್ಟನ್ನು ಕೋಲಿನಿಂದ ಬಡಿದ. ಮೊಮ್ಮಗಳು ಆಲ್ವ ಬೆಚ್ಚಿ ಹಿಂದಕ್ಕೆ ಹಾರಿದಳು. ನೋನಿ ಒಂದು ಕಿವಿಯನ್ನಷ್ಟೇ ಆ ಕಡೆ ತಿರುಗಿಸಿತು. ಡಿಂಪ್ನಾಳ ಕೈ ಅವಳಿಗೇ ತಿಳಿಯದಂತೆ ಕುದುರೆಯ ಕೇಸರದ ಬುಡಕ್ಕೆ ಹೋಗಿ ಕೆರೆಯುತ್ತಿತ್ತು. ನೋನಿ ಕಣ್ಣು ಅರೆಮುಚ್ಚಿ, ಗಲ್ಲವನ್ನು ಅವಳ ಹೆಗಲ ಮೇಲಿಟ್ಟಿತು. ಇಷ್ಟು ಸಂತೋಷವನ್ನು ಮುಖದಲ್ಲಿ ತೋರಿಸದೆ ಇರುವುದು ಹೇಗಪ್ಪಾ ಎಂಬುದೇ ಚಿಂತೆ.

ಫೆಸ್ಟಿ ಜೀನು ಬಿಗಿದು, ಮೊಳೆಗೆ ತೂಗುಹಾಕಿದ್ದ ಹೆಲ್ಮೆಟ್ಟನ್ನು ಆಲ್ವಳಿಗೆ ನೀಡಿದ. "ಹತ್ತು ಮಗಳೇ. ಸವಾರಿ ಮಾಡೋರನ್ನ ಕುದುರೆ ಮೇಲೆ ನೋಡದೆ ನಾನು ಕೊಡೋದಿಲ್ಲ."

ಬಿಳಿ ಶೂ ಕೆಸರಾದೀತೆಂದು ಕಲ್ಲಿನ ಮೇಲೆ ನಿಂತಿದ್ದ ಆಲ್ವ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಕಣ್ಣು ಮಿಟುಕಿಸಿದಳು, ಹುಬ್ಬು ಹಾರಿಸಿದಳು, ಕೊನೆಗೆ ಕೈಯನ್ನೂ ಮುಗಿದಳು.

"ಏನಜ್ಜಿ ಇದು! ಬಂದು ಹೂಂ ಅಂದ್ರೆ ಸಾಕು, ಐಸ್‌ಕ್ರೀಮ್ ಕೊಡಿಸ್ತೀನಿ ಅಂದಿದ್ದೆ. ಹತ್ತಬೇಕು ಅಂತ ಹೇಳೇ ಇರ್ಲಿಲ್ಲ."

ಫೆಸ್ಟಿ ಹಗ್ಗ ಹಿಡಿದು ನೋನಿಯನ್ನು ಕೊಟ್ಟಿಗೆಯ ಕಡೆ ತಿರುಗಿಸಿದ. "ಬೇಡ ಅನ್ನೋ ಮಗುವಿಗೆ ಕುದುರೆ ಕಟ್ಟೋದು ಎರಡಕ್ಕೂ ಹಿಂಸೆ. ಹೋಗಿಬನ್ನಿ ತಾಯಿ."

ಬೂದು ಬಾಲ ದೂರ ಹೋಗುತ್ತಿತ್ತು. ಇನ್ನೇನು ಕೊಟ್ಟಿಗೆಯ ಬಾಗಿಲು ದಾಟಬೇಕು.

"ನನಗೆ!" ಎಂದು ಕೂಗಿದಳು ಡಿಂಪ್ನಾ. ಗೋಡೆಯ ಮೇಲಿದ್ದ ಕಡಲಹಕ್ಕಿಗಳು ಹಾರಿಹೋದವು. "ಕುದುರೆ ನನಗೇ ಬೇಕು! ನಗೋದಿದ್ರೆ ನಕ್ಕುಬಿಡಿ!"

ಫೆಸ್ಟಿ ನಿಂತ. ನಗಲಿಲ್ಲ, ನೋನಿಯನ್ನು ಕಲ್ಲುಗೋಡೆಯ ಪಕ್ಕಕ್ಕೆ ತಂದು ನಿಲ್ಲಿಸಿದ. "ಅದನ್ನ ಗೇಟಲ್ಲೇ ಹೇಳಿದ್ರೆ ಬಕೆಟ್ ಬಡಿಯೋ ಕೆಲಸ ಉಳೀತಿತ್ತು. ಇದರ ಅಮ್ಮನ ಮೇಲೆ ನಾನೇ ಈಗಲೂ ಕೂರ್ತೀನಿ. ಹತ್ತಿ."

ಹೆಲ್ಮೆಟ್ಟನ್ನು ತಲೆಗೇರಿಸಿ, ಭಾನುವಾರ ಚರ್ಚಿಗೆ ತೊಡುವ ಲಂಗವನ್ನು ಮೊಣಕಾಲಿಗೆ ಎತ್ತಿಕಟ್ಟಿ, ಕಲ್ಲುಗೋಡೆ ಏರಿ, ಹಾಳು ಮಂಡಿಗೆ ಎರಡು ಬೈಗುಳ ಬೈದು, ಡಿಂಪ್ನಾ ಜೀನಿನ ಮೇಲೆ ಧೊಪ್ಪನೆ ಬಿದ್ದಳು. ಅವಳು ಸರಿಯಾಗಿ ಕೂರುವವರೆಗೂ ನೋನಿ ಒಂದು ಹೆಜ್ಜೆಯೂ ಕದಲಲಿಲ್ಲ. ಆಮೇಲೆ ಹೊರಟಿತು. ಹೊಲದ ಸುತ್ತ ಒಂದು ಸುತ್ತು ನಡೆದು, ಎರಡನೇ ಸುತ್ತಿಗೆ ಕುಲುಕುತ್ತ ಓಡತೊಡಗಿತು. ಡಿಂಪ್ನಾಳಿಗೆ ಶುರುವಾದ ನಗು ನಿಲ್ಲಲೇ ಇಲ್ಲ. ಕಣ್ಣೀರು ಸುರಿಯುತ್ತಿತ್ತು, ಹೆಲ್ಮೆಟ್ಟು ಕಿವಿಗೆ ಜಾರಿತ್ತು, ಒಂದು ಕಾಲಿನ ಶೂ ಎಲ್ಲೋ ಬಿದ್ದಿತ್ತು.

ಸುತ್ತು ಮುಗಿಸಿ ನೋನಿ ಬಂದು ನಿಂತಾಗ, ಕುದುರೆ ವ್ಯಾಪಾರದ ಪದ್ಧತಿಯಂತೆ ಫೆಸ್ಟಿ ಅಂಗೈಗೆ ಉಗುಳಿ ಕೈ ಚಾಚಿದ. ಅವಳೂ ತನ್ನ ಅಂಗೈಗೆ ಉಗುಳಿ, ಕುದುರೆಯ ಮೇಲಿಂದಲೇ ಅವನ ಕೈಗೆ ಚಟ್ಟನೆ ಹೊಡೆದಳು. ವ್ಯಾಪಾರ ಕುದುರಿತು.

"ಸಾಕೋಕಾಗದ ದಿನ ಬಂದ್ರೆ ನನ್ನ ಮನೆಗೇ ತರಬೇಕು, ಬೇರೆಯವರಿಗಲ್ಲ," ಎಂದ ಫೆಸ್ಟಿ, ಮಾರಿದವನು ಕೊಡಲೇಬೇಕಾದ ಅದೃಷ್ಟದ ನಾಣ್ಯವನ್ನು ಜೇಬಿನಿಂದ ತೆಗೆಯುತ್ತ. ಅಭ್ಯಾಸಬಲದಿಂದ ಆಲ್ವ ಕೈ ಒಡ್ಡಿದಳು. ಅವನ ಕೈ ಅವಳನ್ನು ದಾಟಿ ಮೇಲಕ್ಕೆ ಹೋಯಿತು. "ಇದು ಕುದುರೆಯ ಒಡತಿಗೆ ಮಾತ್ರ ಕಣಮ್ಮ."

ಡಿಂಪ್ನಾ ನಾಣ್ಯವನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದಳು. ಆಲ್ವ ಕಲ್ಲಿನಿಂದ ಇಳಿದು, ಬಿಳಿ ಶೂಗಳನ್ನು ಮರೆತು, ಕೆಸರಿನಲ್ಲಿ ಪಚಪಚ ನಡೆದು ಬಂದು ನೋನಿಯ ಮೂಗನ್ನು ಮುಟ್ಟಿದಳು. ಆ ಬಿಸಿಯುಸಿರಿಗೆ ಅವಳ ಮುಖವೇ ಬದಲಾಯಿತು.

"ಅಜ್ಜೀ, ಒಂದೇ ಒಂದ್ಸಲ ನಾನೂ ಹತ್ಲಾ?"

ಡಿಂಪ್ನಾ ಹೆಲ್ಮೆಟ್ಟನ್ನು ನೇರ ಮಾಡಿಕೊಂಡು, ಲಗಾಮು ಎಳೆದು, ಕುದುರೆಯನ್ನು ಮೂರನೇ ಸುತ್ತಿಗೆ ತಿರುಗಿಸಿದಳು.

"ನೋಡೋಣ," ಎಂದಳು.