ಗಾಜಿನ ಪೆಟ್ಟಿಗೆ

ಸುಚೇತಾ ಮೂರು ತಿಂಗಳಿಂದ ಒಂದೊಂದೇ ಬಿಡಿಭಾಗ ತಂದು, ಬಣ್ಣ ಬದಲಿಸುವ ದೀಪಗಳ ಗಾಜಿನ ಪೆಟ್ಟಿಗೆಯಲ್ಲಿ ತನಗೊಂದು ಕಂಪ್ಯೂಟರ್ ಜೋಡಿಸುತ್ತಿದ್ದಳು.

"ಏನೇ ಅದು ಡಬ್ಬ?" ಅತ್ತೆ ದಿನವೂ ಗೊಣಗುತ್ತಿದ್ದರು.

"ಪೂರ್ತಿ ಆಗ್ಲಿ ಅತ್ತೆ, ನೀವೇ ನೋಡ್ತೀರಂತೆ."

ಚೌತಿಯ ಬೆಳಿಗ್ಗೆ ಅಂಗಡಿಯವನು ಫೋನ್ ಮಾಡಿದ. ಗ್ರಾಫಿಕ್ಸ್ ಕಾರ್ಡ್ ಬಂದಿತ್ತು. ಪೆಟ್ಟಿಗೆಯೊಳಗೆ ಅದರ ಜಾಗವೊಂದೇ ಖಾಲಿ. ಉರಿಯುತ್ತಿದ್ದ ದೀಪಗಳನ್ನು ಆರಿಸಲೂ ಮನಸ್ಸಾಗದೆ, ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ಓಡಿದಳು.

ಕಾರ್ಡನ್ನು ಕೂಸಿನಂತೆ ಅವಚಿಕೊಂಡು ಮರಳಿದರೆ, ಅವಳ ಕೋಣೆ ತುಂಬ ಅಕ್ಕಪಕ್ಕದ ಮನೆಯವರು. ಅತ್ತೆ ಓಡಿಬಂದು ನೆಟಿಕೆ ಮುರಿದು ದೃಷ್ಟಿ ತೆಗೆದರು.

"ಮಂಟಪ ಅಂತ ಬಾಯಿಬಿಟ್ಟು ಹೇಳಬಾರದೇನೇ? ಇಡೀ ಬೀದಿಯಲ್ಲೇ ಇಂಥದ್ದಿಲ್ವಂತೆ! ಗಣಪತೀನ ಅದರೊಳಗೇ ಕೂರಿಸಿ ಪೂಜೆನೂ ಮಾಡಾಯ್ತು. ಇನ್ನು ಐದು ದಿನ ಯಾರೂ ಕದಲಿಸೋ ಹಾಗಿಲ್ಲ!"