ಒತ್ತಾಯದ ಹೋಳಿಗೆ

ಸಕ್ಕರೆ ಕಾಯಿಲೆಯವರ ಕಾಲಿಗೆ ಸರ್ಕಾರ ಪಟ್ಟಿ ಕಟ್ಟಿಸಿದ ಮೇಲೆ ಮದುವೆ ಊಟಗಳಲ್ಲಿ ಉಪಚಾರವೇ ನಿಂತುಹೋಗಿತ್ತು. ಆ ಪಟ್ಟಿ ಕಟ್ಟಿದವರಿಗೆ ಒತ್ತಾಯ ಮಾಡಿ ಸಿಹಿ ಬಡಿಸಿದರೆ, ತಿಂದವರ ಪಾದದ ಉರಿಯೆಲ್ಲ ಬಡಿಸಿದವರ ಪಾದಕ್ಕೆ ವರ್ಗವಾಗುತ್ತಿತ್ತು.

ಭಾವಮೈದುನನ ಮಗನ ಮದುವೆಯಲ್ಲಿ, ಹೋಳಿಗೆ ಬಡಿಸುವವರು ಕೇಶವಯ್ಯನವರ ಪಟ್ಟಿ ಕಂಡೊಡನೆ ಮುಂದಿನ ಎಲೆಗೆ ಹಾರುತ್ತಿದ್ದರು.

"ಬಾಯಿಮಾತಿಗಾದ್ರೂ ಒಂದ್ಸಲ ಒತ್ತಾಯ ಮಾಡ್ರಯ್ಯಾ!" ಎಂದು ಕೇಶವಯ್ಯ ರೇಗಿದರು.

ಕೊನೆಗೆ ಅವರ ಅತ್ತೆ ಸೀತಾಲಕ್ಷ್ಮಮ್ಮನೇ ತಟ್ಟೆ ಹಿಡಿದು ಬಂದರು. "ನಂಗೂ ಸಕ್ಕರೆ ಕಾಯಿಲೆ ಅಲ್ವೇ ಅಳಿಯಂದ್ರೇ, ಪಾದ ಮರಗಟ್ಟಿ ವರ್ಷಗಳಾಯ್ತು. ಯಾವ ಉರೀನೂ ಗೊತ್ತಾಗಲ್ಲ. ನನ್ನಾಣೆ, ಎರಡು ಹಾಕಿಸ್ಕೊಳ್ಳಿ."

ಅವರು ನಡೆದು ಬಂದ ದಾರಿಯುದ್ದಕ್ಕೂ ರಕ್ತದ ಹೆಜ್ಜೆ ಮೂಡಿತ್ತು. ಹಿಮ್ಮಡಿಗೆ ಗಾಜಿನ ಚೂರು ಹೊಕ್ಕಿದ್ದು ಅವರಿಗೆ ತಿಳಿದೇ ಇರಲಿಲ್ಲ.

ಕೇಶವಯ್ಯ ಅದನ್ನು ನೋಡಿದರು. ನೋಡಿ, "ತುಪ್ಪಾನೂ ಹಾಕಿ, ಅತ್ತೆ" ಎಂದರು.