ರಕ್ತವೋ, ಕಥೆಯೋ

ದ್ಯಾವಮ್ಮನಿಗೆ ಹರೆಯದಲ್ಲೇ ಕೀಲು ಸವೆಯುವ ರೋಗ ಬಂದಿತ್ತು. ಅದಕ್ಕೆ ಮದ್ದಿಲ್ಲ. ಅದರ ಮೇಲೆ ಸಂಶೋಧನೆಗೆಂದು ಕಾಲೇಜಿನವರು ಮಾತ್ರ ಬರುತ್ತಲೇ ಇದ್ದರು. ಜೀವಶಾಸ್ತ್ರದವರು ರಕ್ತ ತೆಗೆದರು, ಸಮಾಜಶಾಸ್ತ್ರದವರು ಊರವರ ತಾತ್ಸಾರದ ಬಗ್ಗೆ ಕೇಳಿದರು, ಇತಿಹಾಸದವರು ಹಿಂದಿನವರಲ್ಲಿ ಯಾರಿಗಿತ್ತೆಂದು ಕೆದಕಿದರು. ಹೋದವರು ಯಾರೂ ತಿರುಗಿ ಬರಲಿಲ್ಲ.

ಒಂದು ಸಂಜೆ ಮತ್ತೊಬ್ಬ ವಿದ್ಯಾರ್ಥಿನಿ ಬಂದು ಜಗಲಿಯ ಮುಂದೆ ನಿಂತಳು. ದ್ಯಾವಮ್ಮ ಮುಖವೆತ್ತದೆ ತೋಳು ಚಾಚಿದಳು.

"ನಿಂಗೇನವ್ವಾ ಬೇಕು? ರಕ್ತಾನೋ, ಕಥೆನೋ? ಬೇಗ ಮುಗ್ಸು, ನಂಗೂ ಸಾಕಾಗೈತೆ."

"ಎರಡೂ ಬೇಡ ಅಜ್ಜಿ."

"ಮತ್ಯಾಕೆ ಬಂದೆ?"

ಹುಡುಗಿ ಗೋಡೆ ಹಿಡಿದುಕೊಂಡು, ಹಲ್ಲು ಕಚ್ಚಿ, ಮೆಲ್ಲಗೆ ಅವಳ ಪಕ್ಕದಲ್ಲಿ ಕುಳಿತಳು.

"ನಂಗೂ ಶುರುವಾಗಿದೆ ಅಜ್ಜಿ. ಇದರ ಜೊತೆ ಬದುಕೋದು ಹೇಗೆ ಅಂತ ಹೇಳಿಕೊಡಿ."